ಮುಡಿಹಾಳಕ್ಕೆ ಮುಟ್ಟದ ಎಚ್ಚರಿಕೆ

ಅವನ ಮುಖ ನೋಡುವ ಎಷ್ಟೋ ದಿನ ಮೊದಲೇ ಅವನ ಸಹಿ ನನ್ನ ಬಳಿ ಇತ್ತು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತರಿಸಿಕೊಂಡ ಒಂದೇ ಒಂದು ಹಾಳೆ. ಪ್ರವಾಹದ ಎಚ್ಚರಿಕೆ ಯಾವ ಯಾವ ಊರಿನ ಮೊಬೈಲಿಗೆ ಮುಟ್ಟುತ್ತದೆ ಎಂದು ಸರ್ವೆ ಮಾಡಿದ ಪಟ್ಟಿ ಅದು. ಮುಡಿಹಾಳ ಎಂಬ ಊರಿನ ಮುಂದೆ ‘ಸಿಗ್ನಲ್ ಪೂರ್ತಿ ಇದೆ’ ಎಂದು ತೆಲುಗಿನಲ್ಲಿ ಬರೆದು, ಕೆಳಗೆ ನೀಲಿ ಇಂಕಿನಲ್ಲಿ ಎಲ್. ನರೇಂದ್ರ ಎಂದು ಗುಂಡಗೆ ಸಹಿ ಹಾಕಿದ್ದ. ಆ ಗುಂಡು ಅಕ್ಷರ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಹಾಗಾಗಿ ಜೂನ್ ತಿಂಗಳ ಮೊದಲ ವಾರ, ಮಕ್ತಲ್ ಬಸ್ ಸ್ಟ್ಯಾಂಡಿನ ಎದುರಿನ ನಮ್ಮ ಕೇಬಲ್ ಕಂಟ್ರೋಲ್ ರೂಮಿನ ಮೆಟ್ಟಿಲು ಹತ್ತಿ ಒಬ್ಬ ಎತ್ತರದ ಹುಡುಗ ಬಂದು, ಚಪ್ಪಲಿ ಹೊರಗೆ ಬಿಟ್ಟು, “ನಮಸ್ಕಾರ್ರಿ. ನಾನು ನರೇಂದ್ರ, ಗದ್ವಾಲದಾಂವ. ಅಲರ್ಟ್ ಬಾಕ್ಸ್ ಕೂಡ್ಸಾಕ ಬಂದೀನಿ” ಎಂದಾಗ, ನಾನು ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಅವನನ್ನು ಚೆನ್ನಾಗಿ ನೋಡಿಕೊಂಡೆ.

“ಎಲ್. ನರೇಂದ್ರ ಏನ್ರಿ?”

“ಹೌದ್ರಿ. ನೇಕಾರ ಲಕ್ಷ್ಮಯ್ಯನ ಮಗ. ನಿಮಗ ಹೆಂಗ ಗೊತ್ತು?”

“ಲೆಟರಿನ್ಯಾಗ ಇತ್ತು,” ಎಂದೆ. ಬಾಕ್ಸ್ ಕೂಡಿಸಲು ಒಬ್ಬರು ಬರುತ್ತಾರೆ ಎಂದು ಸರ್ಕಾರದಿಂದ ಬಂದ ಲೆಟರಿನಲ್ಲಿ ಹೆಸರೇ ಇರಲಿಲ್ಲ.

ಅವನಿಗೆ ಕೆಟ್ಟ ಮುಖ ಇರಬೇಕಿತ್ತು. ನಾನು ಮನಸ್ಸಿನಲ್ಲೇ ಅವನಿಗೊಂದು ಮುಖ ಮಾಡಿಟ್ಟಿದ್ದೆ: ಹೊಟ್ಟೆ ಬಂದವನು, ಪಾನ್ ಜಗಿಯುವವನು, ಫೈಲಿನಿಂದ ತಲೆ ಎತ್ತದವನು. ಬಂದವನು ನೋಡಿದರೆ ತೆಳ್ಳಗೆ, ಎಣ್ಣೆಗಪ್ಪಿನ ಬಣ್ಣ, ನಗುವುದಕ್ಕೂ ಮೊದಲು ಅನುಮತಿ ಕೇಳುವಂಥ ಕಣ್ಣು. ನನ್ನ ಸಿಟ್ಟಿಗೆ ಅದು ಅನ್ಯಾಯ ಎನಿಸಿತು.

ಗೋಡೆಯ ಮೇಲಿನ ಅಪ್ಪನ ಫೋಟೋ ಮುಂದೆ ಅವನು ಹೋಗಿ ನಿಂತ. ಆಮೇಲೆ ಕೈ ಮುಗಿದ. ಎಷ್ಟು ಬೇಕಾದರೂ ಮುಗಿ, ನಿನಗೆ ನಾನಿದ್ದೇನೆ ಎಂದುಕೊಂಡೆ.

ನಮ್ಮಪ್ಪ ಭೀಮಣ್ಣ ಮಕ್ತಲ್, ಮಾಗನೂರು ಕಡೆಯ ಹೊಳೆ ದಂಡೆಯ ಊರುಗಳಿಗೆಲ್ಲ ಕಂಬ ಹತ್ತಿ ಕೇಬಲ್ ಎಳೆದವನು. ತೆಲಂಗಾಣ ಬಂದ ಮೇಲೂ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮಧ್ಯಾಹ್ನ ಕನ್ನಡ ಸೀರಿಯಲ್ಲೇ ಬೇಕು, ಅದಕ್ಕೆ ಭೀಮಣ್ಣನ ಕೇಬಲ್ಲೇ ಬೇಕು. ಯಾರಿಗೂ ಇಲ್ಲ ಎನ್ನುವ ಮನುಷ್ಯನಲ್ಲ ಅವನು. ಮಂಡಲದಲ್ಲಿ ಯಾವ ಪಂಚನಾಮೆ ನಡೆದರೂ ಸಾಕ್ಷಿಗೆ ಅವನನ್ನೇ ಕರೆಯುತ್ತಿದ್ದರು. ಬಂದ ಅಧಿಕಾರಿಗೆ ಉಣ್ಣಲು ಹಾಕಿ, ಅವರು ಬೆರಳು ತೋರಿಸಿದ ಕಡೆ ಸಹಿ ಮಾಡಿ ಬಸ್ಸಿಗೆ ಕೂರಿಸಿ ಬರುವುದು ನಮ್ಮ ಕಡೆ ದೊಡ್ಡವರ ಲಕ್ಷಣ.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಅಪ್ಪ ಮುಡಿಹಾಳಕ್ಕೆ ಹೋಗಿದ್ದ. ಅವನ ಗೆಳೆಯ ಮೊಗುಲಪ್ಪ ಕಾಕಾನ ಪಂಪಿನ ಮೋಟರು ಕೃಷ್ಣೆಯ ದಂಡೆಯಲ್ಲಿತ್ತು, ಹೊಳೆ ಏರುವ ಮೊದಲು ಅದನ್ನು ಮೇಲಕ್ಕೆ ಎಳೆಯಬೇಕಿತ್ತು. ಮಧ್ಯಾಹ್ನ ಎರಡಕ್ಕೆ ಮೇಲಿನ ಡ್ಯಾಮಿನಿಂದ ನೀರು ಬಿಟ್ಟ ಎಚ್ಚರಿಕೆ ಮಕ್ತಲಿನ ಎಲ್ಲ ಮೊಬೈಲಿನಲ್ಲೂ ಕೂಗಿತು. ಮುಡಿಹಾಳದಲ್ಲಿ ಒಂದೂ ಕೂಗಲಿಲ್ಲ. ಹೊಳೆಯಾಚೆ ಕರ್ನಾಟಕದ ಟವರ್ ಇದೆ. ಮಧ್ಯೆ ಗುಡ್ಡವಿಲ್ಲ, ಬರೀ ನೀರು, ಹಾಗಾಗಿ ಅಲ್ಲಿನ ಮೊಬೈಲುಗಳೆಲ್ಲ ಆಚೆಯ ಟವರನ್ನೇ ಹಿಡಿದು ಕೂರುತ್ತವೆ. ಎಚ್ಚರಿಕೆ ಹೋದದ್ದು ನಮ್ಮ ಕಡೆಯ ಟವರುಗಳಿಗೆ ಮಾತ್ರ. ಮೊಗುಲಪ್ಪ ಕಾಕಾ ಜಾಲಿಗಿಡ ಹಿಡಿದು ಉಳಿದ. ಅಪ್ಪ ಮೂರನೆಯ ದಿನ ಕೆಳಗಿನ ಊರಿನಲ್ಲಿ ಸಿಕ್ಕ.

ಅಂದಿನಿಂದ ಅವ್ವ ಸಂಗಮ್ಮ ಮನೆ ನೋಡಿಕೊಂಡಳು, ನಾನು ಕೇಬಲ್ ನೋಡಿಕೊಂಡೆ. ಆ ಸಹಿಯವನು ಎಂದಾದರೂ ಎದುರಿಗೆ ಬರಲಿ ಎಂದು ಕಾದೆ. ಈಗ ಬಂದಿದ್ದ, ತಾನಾಗಿಯೇ, ನನ್ನ ರೂಮಿಗೆ, ಮೂರು ವಾರದ ಕೆಲಸಕ್ಕೆ.

ತೀರ್ಮಾನ ಮಾಡಲು ನನಗೆ ಒಂದು ದಿನವೂ ಬೇಕಾಗಲಿಲ್ಲ. ಮೂರನೆಯ ವಾರದ ಶುಕ್ರವಾರ ಹನ್ನೊಂದಕ್ಕೆ ಆ ಅಲರ್ಟ್ ಬಾಕ್ಸಿನ ಪರೀಕ್ಷೆ. ನಾರಾಯಣಪೇಟೆಯಿಂದ ಕಲೆಕ್ಟರ್ ವಿಡಿಯೋದಲ್ಲಿ ನೋಡುತ್ತಾರೆ, ಹೈದರಾಬಾದಿನಿಂದ ದೊಡ್ಡ ಅಧಿಕಾರಿ ಬರುತ್ತಾರೆ. ಮುಡಿಹಾಳದ ಲೈನು ನನ್ನ ರ‍್ಯಾಕಿನಲ್ಲಿ ಒಂದು ಗೇಣುದ್ದದ ಹಳದಿ ಫೈಬರ್ ತುಂಡಿನ ಮೇಲೆ ನಿಂತಿದೆ. ಸರಿಯಾದ ಹೊತ್ತಿಗೆ ಅದನ್ನು ಎಳೆದರೆ ಸಾಕು. ಅದೇ ಊರು, ಅದೇ ಮನುಷ್ಯ, ಎರಡನೆಯ ಸಲ. ಆಮೇಲೆ ಯಾವ ಸರ್ಕಾರಿ ಹಾಳೆಯ ಮೇಲೂ ಅವನ ಸಹಿ ಬೀಳುವುದಿಲ್ಲ.

ಅಲ್ಲಿಯವರೆಗೆ ಸಣ್ಣಪುಟ್ಟದ್ದರಿಂದ ಶುರು ಮಾಡಿದೆ. ಮಧ್ಯಾಹ್ನದ ಬಿಸಿಲಲ್ಲಿ ಕಂಬ ಹತ್ತಿಸಿದೆ. ಮಾಗನೂರಿಗೆ ಎಲ್ಲಕ್ಕಿಂತ ನಿಧಾನದ ಬಸ್ ತೋರಿಸಿದೆ. ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತೆ, ಮೂರು ದಿನ ಮರೆತೆ.

“ಚಹಾ ಹೆಂಗೈತ್ರಿ ಸಾಹೇಬ್ರ?” ಎಂದು ಮೂರನೆಯ ದಿನ ನಾನೇ ಕೇಳಿದೆ.

“ಚಲೋ ಐತ್ರಿ,” ಎಂದು ಪೂರ್ತಿ ಕುಡಿದು ಲೋಟ ತೊಳೆದಿಟ್ಟ. “ಇಷ್ಟು ಖಡಕ್ ಚಹಾ ನಮ್ಮ ಗದ್ವಾಲದಾಗ ಸಿಗೂದಿಲ್ಲ. ಮಾಡಿದೋರ ಮನಸ್ಸೂ ಇದರಾಗ ಕಾಣತೈತಿ.”

ಅವನ ತುಟಿಯ ತುದಿಯಲ್ಲಿ ನಗು ಇತ್ತು. ನಾನು ರ‍್ಯಾಕಿನ ಕಡೆ ತಿರುಗಿಕೊಂಡೆ. ನಾಲ್ಕನೆಯ ದಿನ ಸಕ್ಕರೆ ಹಾಕಿದೆ, ಕೈ ತಪ್ಪಿ ಎರಡು ಚಮಚ ಬಿತ್ತು.

ಅವನು ತಂದ ಬಾಕ್ಸು ನೋಡಲು ಊಟದ ಡಬ್ಬಿಯಷ್ಟಿತ್ತು.

“ಇದೇನು ಮಾಡ್ತೈತ್ರಿ ಇಂಜಿನಿಯರ್ ಸಾಹೇಬ್ರ? ಮೊಬೈಲಿನ್ಯಾಗ ಕೂಗೋದು ಸಾಕಾಗಲಿಲ್ಲೇನು?”

ನನ್ನ ಮಾತಿನ ಮುಳ್ಳು ಅವನಿಗೆ ತಾಗಿತು. ಆದರೂ ಮೆಲ್ಲಗೆ ಹೇಳಿದ, “ಸಾಕಾಗಲಿಲ್ರಿ. ಅದಕ್ಕ ಈಗ ಒಂದ ಸುದ್ದಿ ಎರಡು ದಾರಿ ಹಿಡೀತೈತಿ. ಒಂದು ಮೊಬೈಲ್ ಟವರಿಗೆ. ಇನ್ನೊಂದು ಟಿವಿಗೆ, ಅಂದ್ರ ನಿಮ್ಮ ರೂಮಿಗೆ. ಜನ ಯಾವ ಚಾನೆಲ್ ನೋಡಾಕತ್ತಿದ್ರೂ ಚಿತ್ರ ನಿಂತು ಕೆಂಪು ಪಟ್ಟಿ ಬರ್ತೈತಿ, ಕೂಗು ಬರ್ತೈತಿ. ಮೊಬೈಲು ಆಚೆ ಟವರ್ ಹಿಡಿದ್ರ ಹಿಡೀಲಿ. ನಿಮ್ಮ ವೈರು ಮಾತ್ರ ಹೊಳಿ ದಾಟಿ ಹೋಗಂಗಿಲ್ಲಲ್ಲ.”

“ಮನಿಗೆ ಮುಟ್ಟಿತೋ ಇಲ್ಲೋ ಇಲ್ಲಿ ಕುಂತೋರಿಗೆ ಹೆಂಗ ತಿಳೀತೈತಿ?”

“ಹೊಸ ಸೆಟ್‌ಟಾಪ್ ಬಾಕ್ಸಿನೊಳಗ ಸಿಮ್ ಐತ್ರಿ. ಟಿವಿಗೆ ಸುದ್ದಿ ಬಂದಕೂಡಲೇ ‘ಮುಟ್ಟಿತು’ ಅಂತ ಮೊಬೈಲ್ ನೆಟ್‌ವರ್ಕಿನಿಂದ ತಾನ ಉತ್ತರ ಕಳಸ್ತೈತಿ. ಉತ್ತರ ಬರಾಕ ಆಚೆ ಟವರ್ ಆದ್ರೂ ನಡೀತೈತಿ. ಲ್ಯಾಪ್‌ಟಾಪಿನ್ಯಾಗ ಮನಿಗೊಂದು ಚುಕ್ಕಿ. ಮುಟ್ಟಿದ್ರ ಹಸರು, ಇಲ್ಲಂದ್ರ ಕಪ್ಪು.” ಅವನ ಬೆರಳುಗಳು ಮಾತಿನ ಜೊತೆಗೇ ಎರಡು ಎಳೆ ಕೂಡಿಸುತ್ತಿದ್ದವು. “ನಮ್ಮ ಗದ್ವಾಲ ಸೀರಿ ನೋಡೀರಿಲ್ರಿ? ಮೈ ಹತ್ತಿದು, ಅಂಚು ರೇಷ್ಮಿದು. ಎರಡೂ ಗಟ್ಟಿ ಇರ್ತಾವ. ಸೀರಿ ಬಿಚ್ಚೋದು ಎರಡೂ ಕೂಡೋ ಜಾಗದಾಗ. ನಮ್ಮ ನಾಯನ, ಅಂದ್ರ ನಮ್ಮಪ್ಪ, ಅಲ್ಲೇ ಒಂದೊಂದ ಎಳಿ ಹಿಡದು ಕುಂದರ್ತಾನ. ಟವರು, ಟಿವಿ ಕೂಡ್ಸೋದೂ ಅಷ್ಟ.”

“ನನಗ ಗದ್ವಾಲ ಸೀರಿ ಸೇರೂದಿಲ್ಲ. ನಾರಾಯಣಪೇಟದ್ದ ಬೇಕು.”

“ಉಟ್ಟದ್ದೂ ಅದ ಐತಿ. ಎಡಗಡೆ ಅಂಚಿನ್ಯಾಗ ಚೌಕ ಸಣ್ಣಾಗ್ಯಾವ ನೋಡ್ರಿ, ನೇಯ್ದಾಂವ ಆತುರ ಮಾಡ್ಯಾನ.”

ನಾನು ಬಗ್ಗಿ ನೋಡಿದೆ. ನಿಜ. ಎರಡು ವರ್ಷದಿಂದ ಉಡುತ್ತಿದ್ದ ಸೀರೆ, ನನಗೇ ಗೊತ್ತಿರಲಿಲ್ಲ. ಅವನು ಸೀರೆಯನ್ನು ಇಷ್ಟು ಹತ್ತಿರದಿಂದ ಯಾವಾಗ ನೋಡಿದ ಎಂದು ಕೇಳಲು ತಲೆ ಎತ್ತಿದರೆ, ಅವನು ಕಣ್ಣು ತಗ್ಗಿಸಿ ವೈರಿನ ಮೇಲೆ ಊದುತ್ತಿದ್ದ. ಕಿವಿ ಮಾತ್ರ ಕೆಂಪಾಗಿತ್ತು.

ಹೀಗೆ ವೈರಿಯ ಕಿವಿ ನೋಡುವ ಕೆಲಸಕ್ಕೆ ಬಿದ್ದೆ ನಾನು. ಅವನು ಮೆಟ್ಟಿಲು ಹತ್ತುವ ಸಪ್ಪಳ ಗುರುತು ಸಿಗತೊಡಗಿತು. ಮಧ್ಯಾಹ್ನ ಊಟಕ್ಕೆ ಅವನು ಕೆಳಗಿನ ಹೋಟೆಲಿಗೆ ಹೋದರೆ ರೂಮು ದೊಡ್ಡದಾಗುತ್ತಿತ್ತು. ಅವ್ವ ನನ್ನ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಇಡಲು ಶುರು ಮಾಡಿದಳು, ಯಾಕೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ರಾತ್ರಿ ಮನೆಗೆ ಹೋಗಿ ಆ ಹಾಳೆ ತೆಗೆದು ನೋಡುತ್ತಿದ್ದೆ, ಸಿಟ್ಟು ಕಡಿಮೆಯಾಗದಿರಲಿ ಎಂದು. ಔಷಧಿ ತೆಗೆದುಕೊಂಡಂತೆ ದಿನಾ ತಪ್ಪದೆ ನೋಡುತ್ತಿದ್ದೆ.

ಎರಡನೆಯ ವಾರ ಟಿವಿಯ ಕೆಂಪು ಪಟ್ಟಿಯಲ್ಲಿ ಬರುವ ಮಾತು ಬರೆಯಬೇಕಾಯಿತು. ಮೇಲಿನವರು ಕಳಿಸಿದ್ದನ್ನು ಅವನು ಓದಿದ: “ನದಿಯ ಹರಿವಿನ ಪ್ರಮಾಣ ಹೆಚ್ಚಾಗುವ ಸಂಭವವಿರುವುದರಿಂದ ನದಿ ಪಾತ್ರದ ಸಾರ್ವಜನಿಕರು ಜಾಗರೂಕತೆಯಿಂದ ಇರತಕ್ಕದ್ದು.”

“ಇದನ್ನ ಓದಿ ಮುಗಸೋದ್ರಾಗ ಹೊಳಿ ಅಡಗಿಮನಿಗೆ ಬಂದಿರ್ತೈತಿ. ಇತ್ಲಾಗ ತರ್ರಿ ಪೆನ್ನು.”

ನಾನು ಬರೆದೆ. ‘ಹೊಳಿ ಬರಾಕತ್ತೈತಿ. ಹೊಳಿ ದಂಡ್ಯಾಗ ನಿಮ್ಮವರು ಯಾರಿದ್ದಾರ? ಈಗಲೇ ಫೋನ್ ಮಾಡ್ರಿ. ಅವರಿಗೂ ಸುದ್ದಿ ಬಂದಿರ್ತೈತಿ ಅಂತ ಸುಮ್ಮನ ಕೂಡಬ್ಯಾಡ್ರಿ.’

ಅವನು ಎರಡು ಸಲ ಓದಿದ. “ಕಡೀ ಸಾಲು ಯಾಕ್ರಿ?”

“ಜನ ಹಂಗ ಇರ್ತಾರ,” ಎಂದೆ.

ಜನ ಅಲ್ಲ, ನಾನು. ಅಂದು ಎರಡು ಗಂಟೆಗೆ ನನ್ನ ಕೈಯಲ್ಲಿ ಮೊಬೈಲ್ ಕೂಗಿತಲ್ಲ, ಅಪ್ಪ ಹೊಳೆಯಲ್ಲಿದ್ದಾನೆ ಎಂದು ನನಗೆ ಗೊತ್ತಿತ್ತು. ಅವನ ಫೋನಿಗೆ ಕರೆ ಹೋಗುತ್ತಿತ್ತು, ಆಚೆಯ ಟವರಿನಲ್ಲಾದರೂ ಹೋಗುತ್ತಿತ್ತು. ಅಪ್ಪನಿಗೂ ಇದೇ ಕೂಗು ಬಂದಿರುತ್ತದೆ ಎಂದುಕೊಂಡು ಮೊಬೈಲ್ ಟೇಬಲ್ಲಿನ ಮೇಲಿಟ್ಟು ಅನ್ನಕ್ಕೆ ಸಾರು ಹಾಕಿಕೊಂಡೆ. ಇದನ್ನು ಅವ್ವನಿಗೂ ಹೇಳಿರಲಿಲ್ಲ. ನರೇಂದ್ರನ ಮೇಲಿನ ಸಿಟ್ಟು ಬಿಟ್ಟರೆ ಆ ಊಟದ ತಟ್ಟೆ ಎದುರಿಗೆ ಬಂದು ಕೂರುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಬಿಡುತ್ತಿರಲಿಲ್ಲ.

ಪರೀಕ್ಷೆಗೆ ಎರಡು ದಿನ ಮೊದಲು ಇಬ್ಬರೂ ಮುಡಿಹಾಳಕ್ಕೆ ಹೋದೆವು. ನಲವತ್ತೊಂದು ಮನೆ. ಪ್ರತಿ ಮನೆಯಲ್ಲೂ ಅವನೇ ಟಿವಿಯ ಹಿಂದೆ ತೂರಿ ಬಾಕ್ಸ್ ಜೋಡಿಸಿದ, ಪ್ರತಿ ಮನೆಯವರ ಮೊಬೈಲ್ ಇಸಿದುಕೊಂಡು ಯಾವ ಟವರ್ ಎಂದು ಬರೆದುಕೊಂಡ. ಮೊಗುಲಪ್ಪ ಕಾಕಾನ ಹೆಂಡತಿ ಹನುಮಮ್ಮ ಮಜ್ಜಿಗೆ ಕೊಟ್ಟು, ನನ್ನ ಕಿವಿಯಲ್ಲಿ, “ಹುಡುಗ ಚಲೋ ಅದಾನಲ್ಲವ್ವ” ಎಂದಳು. ನಾನು ಮಜ್ಜಿಗೆಗೆ ಉಪ್ಪು ಹೆಚ್ಚಾಗಿದೆ ಎಂದೆ.

ಕೆಲಸ ಮುಗಿದ ಮೇಲೆ ಅವನು ಯಾರನ್ನೂ ಕೇಳದೆ ದಂಡೆಗೆ ಇಳಿದ. ನಾನೂ ಹಿಂದೆಯೇ ಹೋದೆ. ಹೊಳೆಯಲ್ಲಿ ಇನ್ನೂ ನೀರಿರಲಿಲ್ಲ, ಬಂಡೆಗಳು ಒಣಗಿ ಬಿದ್ದಿದ್ದವು.

“ನಿಮಗ ಒಂದು ಮಾತು ಹೇಳಬೇಕ್ರಿ,” ಎಂದ. ನನ್ನ ಕಡೆ ತಿರುಗಲಿಲ್ಲ. “ಎರಡೂವರಿ ವರ್ಷದ ಹಿಂದ ಈ ಊರಿನ ಸರ್ವೆ ಮಾಡಿದಾಂವ ನಾನ. ಆಗ ಒಂದು ಕಾಂಟ್ರ್ಯಾಕ್ಟ್ ಕಂಪನ್ಯಾಗ ಇದ್ದೆ. ಸಾಲಿ ಅಂಗಳದಾಗ ನಿಂತು ಮೊಬೈಲ್ ನೋಡಿದೆ, ಸಿಗ್ನಲ್ ಕಡ್ಡಿ ತುಂಬ ಇದ್ವು. ಯಾವ ಟವರಿನವು ಅಂತ ನೋಡಲಿಲ್ಲ. ಇಲ್ಲಿ ತನಕ ಇಳೀಲಿಲ್ಲ. ನಮ್ಮಕ್ಕನ ಮದಿವಿ ಇತ್ತು, ಬಸ್ ಹಿಡೀಬೇಕಿತ್ತು. ಪೂರ್ತಿ ಐತಿ ಅಂತ ಬರದು ಹೋದೆ. ನಿಮ್ಮಪ್ಪ ಹೋದದ್ದು ನನ್ನಿಂದ.”

“ಗೊತ್ತೈತಿ.”

ಅವನು ತಿರುಗಿದ. “ಯಾವಾಗಿಂದ?”

“ನೀವು ಚಪ್ಪಲಿ ಬಿಟ್ಟು ಒಳಗ ಬರೋಕಿಂತ ಮೊದಲ.”

“ಗೊತ್ತಿದ್ದೂ ದಿನಾ ಚಹಾ ಕೊಟ್ರಿ.”

“ಯಾಕಂತ ಶುಕ್ರವಾರ ತಿಳೀತೈತಿ.”

ಅವನು ನನ್ನ ಮುಖವನ್ನೇ ನೋಡಿದ. ಅಷ್ಟು ಹೊತ್ತು ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. “ಎಲ್ಲರ ಮುಂದ ಬೈತೀರೇನು?”

“ಬೈದ್ರ ಸಾಕಾಗ್ತೈತೇನು?”

“ಇಲ್ಲ,” ಎಂದ. “ಇನ್ನೊಂದು ಮಾತೂ ಐತ್ರಿ. ಅದನ್ನ ಹೇಳಾಕ ನನಗ ಹಕ್ಕಿಲ್ಲ.”

“ಹಂಗಿದ್ರ ಹೇಳಬ್ಯಾಡ್ರಿ.”

ಅವನು ಹೇಳಲಿಲ್ಲ. ದಾರಿಯುದ್ದಕ್ಕೂ, ಬಸ್ಸಿನಲ್ಲೂ, ಮನೆಗೆ ಹೋಗಿ ಮಲಗಿದ ಮೇಲೂ, ಆ ಹೇಳದ ಮಾತನ್ನು ಕೇಳಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ ನನ್ನ ಮೇಲೆಯೇ ಅಸಹ್ಯವಾಯಿತು. ಅಪ್ಪನ ಸಾವಿಗೆ ಕಾರಣನಾದವನ ಬಾಯಿಂದ ಪ್ರೀತಿಯ ಮಾತು ಕೇಳಬೇಕೇ ನಿನಗೆ, ಎಂದು ಬೈದುಕೊಂಡೆ. ಹಾಳೆ ತೆಗೆದು ಮತ್ತೊಮ್ಮೆ ಓದಿದೆ. ಶುಕ್ರವಾರ ಎಳೆಯುವುದೇ ಎಂದು ಗಟ್ಟಿ ಮಾಡಿಕೊಂಡೆ.

ಶುಕ್ರವಾರ ರೂಮು ತುಂಬಿತ್ತು. ಹೈದರಾಬಾದಿನಿಂದ ಬಂದ ಅಧಿಕಾರಿ ನವನೀತಾ ಮೇಡಂ, ಅವರ ಜೊತೆ ಇಬ್ಬರು, ಗೋಡೆಯ ಪರದೆಯ ಮೇಲೆ ನಾರಾಯಣಪೇಟೆಯ ಕಲೆಕ್ಟರ್ ಆಫೀಸು. ಮೇಡಂ ತೊಡೆಯ ಮೇಲೆ ಒಂದು ಹಳೆಯ ಫೈಲ್ ಇತ್ತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಎಲ್ಲರಿಗೂ ನೀರು ಕೊಡುವ ನೆಪದಲ್ಲಿ ರ‍್ಯಾಕಿನ ಹಿಂದೆ ಹೋಗಿ ಆ ಹಳದಿ ತುಂಡನ್ನು ಎಳೆದೆ. ಸೆರಗಿನೊಳಗೆ ಮುಷ್ಟಿ ಹಿಡಿದು ಬಂದು ನಿಂತೆ.

ಹನ್ನೊಂದು ಹೊಡೆಯಿತು. ರೂಮಿನ ಎಲ್ಲರ ಮೊಬೈಲೂ ಒಟ್ಟಿಗೆ ಕೂಗಿದವು. ಕೆಳಗೆ ಬಸ್ ಸ್ಟ್ಯಾಂಡಿನಲ್ಲಿ, ಅಂಗಡಿಗಳಲ್ಲಿ ಅದೇ ಕೂಗು. ನಮ್ಮ ಟಿವಿಯಲ್ಲಿ ಸೀರಿಯಲ್ಲಿನ ಸೊಸೆ ಬಾಯಿ ತೆರೆದಂತೆಯೇ ನಿಂತು ಕೆಂಪು ಪಟ್ಟಿ ಬಂತು. ಲ್ಯಾಪ್‌ಟಾಪಿನಲ್ಲಿ ಊರೂರು ಹಸಿರಾಗತೊಡಗಿತು. ಹೊಳೆಗೆ ಅಂಟಿಕೊಂಡ ಒಂದು ಮೂಲೆಯಲ್ಲಿ ನಲವತ್ತೊಂದು ಚುಕ್ಕಿ ಕಪ್ಪಗೇ ಉಳಿದವು.

“ಆ ಊರು ಯಾವುದು?” ಎಂದು ಮೇಡಂ ತೆಲುಗಿನಲ್ಲಿ ಕೇಳಿದರು.

“ಮುಡಿಹಾಳ, ಮೇಡಂ.”

ನರೇಂದ್ರ ರ‍್ಯಾಕಿನ ಹಿಂದೆ ಹೋದ. ಖಾಲಿ ಜಾಗ ಅವನಿಗೆ ಕಂಡಿತು. ತಲೆ ಎತ್ತಿ ನನ್ನ ಸೆರಗನ್ನು ನೋಡಿದ, ಮುಷ್ಟಿಯನ್ನು ನೋಡಿದ, ಆಮೇಲೆ ನನ್ನ ಕಣ್ಣನ್ನು ನೋಡಿದ. ಹೇಳಲಿ ಎಂದು ಕಾದೆ. ಅವನು ರ‍್ಯಾಕಿನ ಬಾಗಿಲು ಮೆಲ್ಲಗೆ ಮುಚ್ಚಿದ.

“ನನ್ನ ತಪ್ಪು ಮೇಡಂ. ಮುಡಿಹಾಳದ ಲೈನ್ ನಾನು ಸರಿಯಾಗಿ ನೋಡಲಿಲ್ಲ.”

ನಾನು ಎರಡು ವರ್ಷ ಕಾದದ್ದು ಈ ಮಾತಿಗೇ, ಇಷ್ಟೇ ಜನರ ಮುಂದೆ. ಸಿಕ್ಕಿತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಮೇಡಂ ಫೈಲ್ ಬಿಚ್ಚಿದರು. “ಇದು ಎರಡನೆಯ ಸಲ, ನರೇಂದ್ರ. ಅದೇ ಊರು. ಅವತ್ತು ಸರ್ವೆಯ ಪಂಚನಾಮೆಗೆ ಸಾಕ್ಷಿ ಸಹಿ ಹಾಕಿದವನನ್ನು ಕಾಪಾಡಿಕೊಂಡು ತಪ್ಪೆಲ್ಲ ನಿನ್ನ ತಲೆ ಮೇಲೆ ಎಳೆದುಕೊಂಡೆ. ಒಳ್ಳೆಯವನು ಅಂತ ನಾನೇ ಈ ಕೆಲಸಕ್ಕೆ ತೆಗೆದುಕೊಂಡೆ. ಇವತ್ತು ಯಾರನ್ನ ಕಾಪಾಡುತ್ತಿದ್ದೀಯ?”

“ಯಾವ ಸಾಕ್ಷಿ?” ಎಂದೆ. ನನ್ನ ಧ್ವನಿ ನನಗೇ ದೂರದಿಂದ ಕೇಳಿಸಿತು.

“ಮೇಡಂ, ಬ್ಯಾಡ್ರಿ,” ಎಂದ ನರೇಂದ್ರ.

ನಾನು ಫೈಲು ಇಸಿದುಕೊಂಡೆ. ನನ್ನ ಬಳಿ ಇದ್ದ ಹಾಳೆಯ ಹಿಂದೆ ಇನ್ನೊಂದು ಹಾಳೆ ಇತ್ತು. ‘ನಾನು ಈ ಊರಿನಲ್ಲಿ ಹಾಜರಿದ್ದು, ಸರ್ವೆ ಸರಿಯಾಗಿ ನಡೆದದ್ದನ್ನು ಕಣ್ಣಾರೆ ನೋಡಿದ್ದೇನೆ.’ ಅಷ್ಟು ತೆಲುಗು ಅಕ್ಷರಗಳ ಕೆಳಗೆ ಒಂದೇ ಒಂದು ಕನ್ನಡ ಸಹಿ. ಭೀಮಣ್ಣ. ‘ಣ್ಣ’ದ ಬಾಲ ಉದ್ದಕ್ಕೆ ಎಳೆದದ್ದು. ನನ್ನ ಮಾರ್ಕ್ಸ್ ಕಾರ್ಡುಗಳ ಮೇಲೆಲ್ಲ ಇರುವ ಬಾಲ. ಅದರ ಹಿಂದೆ ನರೇಂದ್ರನ ಹೇಳಿಕೆ: ‘ಈ ಸಾಕ್ಷಿ ನನ್ನ ಮಾತು ನಂಬಿ ಸಹಿ ಮಾಡಿದ್ದಾರೆ. ಈಗ ತೀರಿಹೋಗಿದ್ದಾರೆ. ಅವರ ಮೇಲೆ ತಪ್ಪು ಹೊರಿಸಬಾರದು. ಅವರ ಮನೆಯವರ ಕೈಗೆ ಈ ಹಾಳೆ ಹೋಗಬಾರದು ಎಂದು ಕೈಮುಗಿದು ಬೇಡುತ್ತೇನೆ.’

ಅಪ್ಪನೇ ಸಹಿ ಹಾಕಿದ್ದ. ನೋಡದೆ, ಕೇಳದೆ, ಬಂದ ಹುಡುಗನ ಬಸ್ಸು ತಪ್ಪಬಾರದೆಂದು. ಆರು ತಿಂಗಳಾದ ಮೇಲೆ ಅದೇ ದಂಡೆಯಲ್ಲಿ ಮೋಟರು ಎಳೆಯುತ್ತ ನಿಂತ. ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಮೊದಲ ಸಲ. ಕೂಡಲೇ ಅಳು ಬಂತು.

ಸೆರಗಿನಿಂದ ಕೈ ತೆಗೆದು ಆ ಹಳದಿ ತುಂಡನ್ನು ಮೇಡಂ ಮುಂದೆ ಇಟ್ಟೆ.

“ಇವರು ಲೈನ್ ಸರಿಯಾಗೇ ನೋಡಿದ್ರು ಮೇಡಂ. ನಾ ತಗದೆ. ಇವರ ಹೆಸರು ಕೆಡಸಾಕ ತಗದೆ.”

ಪರದೆಯ ಮೇಲೆ ಕಲೆಕ್ಟರ್ ಮುಂದಕ್ಕೆ ಬಾಗಿದರು. ಮೇಡಂ ನನ್ನನ್ನು, ಗೋಡೆಯ ಫೋಟೋವನ್ನು, ಫೋಟೋದ ಕೆಳಗಿನ ಹೆಸರನ್ನು ನೋಡಿದರು. “ನಿನ್ನ ಲೈಸೆನ್ಸ್ ಹೋಗಬಹುದು, ಗೊತ್ತಾ?” ಎಂದರು.

“ಹೋಗಲಿ. ಮೊದಲು ಮುಡಿಹಾಳಕ್ಕ ಸುದ್ದಿ ಮುಟ್ಟಲಿ.”

ಎರಡು ಗಂಟೆಗೆ ಮತ್ತೆ ಪರೀಕ್ಷೆ ಇಟ್ಟರು. ಹಳದಿ ತುಂಡನ್ನು ನಾನೇ ಮತ್ತೆ ಸಿಕ್ಕಿಸಿದೆ, ಅವನು ಟಾರ್ಚ್ ಹಿಡಿದ. ಎರಡು ಹೊಡೆದು ಕೆಲವೇ ಕ್ಷಣಕ್ಕೆ ಹೊಳೆಯ ಮೂಲೆಯಲ್ಲಿ ಒಂದು ಚುಕ್ಕಿ ಹಸಿರಾಯಿತು. ಆಮೇಲೆ ಮೂರು. ಆಮೇಲೆ ಎಣಿಸಲಾಗಲಿಲ್ಲ. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಮೊಗುಲಪ್ಪ ಕಾಕಾ, ಹೊಳೆ ದಂಡೆಯಿಂದ.

“ಏನವ್ವ ಗಂಗವ್ವ, ಏನ ಹಚ್ಚೀರಿ? ಮೋಟರ್ ನೋಡಾಕ ಬಂದ್ರ ಒಂದ ನಿಮಿಷದಾಗ ಒಂಬತ್ತು ಫೋನ್ ಬಂದಾವ. ಹೆಂಡತಿ, ತಂಗಿ, ಮಗ್ಗಲ ಮನಿ ಜಮ್ಮುಲಮ್ಮ, ಎಲ್ಲರೂ ಮ್ಯಾಲ ಬಾ, ಮ್ಯಾಲ ಬಾ ಅಂತಾರ.”

ಒಂಬತ್ತು. ಅಂದು ಒಂದು ಬಂದಿದ್ದರೆ ಸಾಕಿತ್ತು. “ಹಂಗಾದ್ರ ಮ್ಯಾಲ ಬಾ ಕಾಕಾ,” ಎಂದೆ.

ಮೇಡಂ ಹೋಗುವಾಗ ಎರಡು ಕಾಗದ ಬರೆದರು. ನನಗೆ ನೋಟಿಸು. ಎಲ್ಲರ ಮುಂದೆ ಸುಳ್ಳು ಹೇಳಿದ್ದಕ್ಕೆ ನರೇಂದ್ರನಿಗೆ, ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇರಬೇಕೆಂದು ಆರ್ಡರು. ಬಾಕ್ಸನ್ನು ಮಾತ್ರ ತೆಗೆಯಲಿಲ್ಲ.

ನಾಲ್ಕು ಗಂಟೆಯ ಬಸ್ಸಿಗೆ ಅವನು ಬ್ಯಾಗ್ ಹಿಡಿದು ಇಳಿದ. ನಾನೂ ಇಳಿದೆ. ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ನಿಂತೆವು.

“ಯಾಕ ಹೇಳಲಿಲ್ಲ?” ಎಂದೆ. ಸಿಟ್ಟಿನಿಂದಲೇ ಕೇಳಿದೆ.

“ಏನಂತ ಹೇಳ್ಲಿ? ಅವತ್ತು ನಿಮ್ಮಪ್ಪ ಮುಡಿಹಾಳದಾಗ ಕೇಬಲ್ ಕಟ್ಟಾಕತ್ತಿದ್ರು. ನನಗ ತಮ್ಮ ಬುತ್ತಿ ಬಿಚ್ಚಿ ಉಣ್ಣಾಕ ಹಾಕಿದ್ರು. ಅಕ್ಕನ ಮದಿವಿ ಅಂದಕೂಡಲೇ, ‘ತಮ್ಮಾ, ಬಸ್ ತಪ್ಪತೈತಿ, ತಾ ಇಲ್ಲಿ’ ಅಂತ ಸಹಿ ಮಾಡಿಕೊಟ್ರು. ಅದನ್ನ ತಪ್ಪು ಅಂತ ಅವರ ಮಗಳ ಮುಂದ ಹೆಂಗ ಇಡ್ಲಿ? ನಿಮಗ ಯಾರ ಮ್ಯಾಲಾದ್ರೂ ಸಿಟ್ಟು ಬೇಕಿತ್ತು. ನಾನ ಇರ್ಲಿ ಅಂದ್ಕೊಂಡೆ.”

“ನನ್ನ ಕೇಳ್ದ ನನ್ನ ಸಿಟ್ಟಿಗೆ ನೀವ ದಾರಿ ಹಾಕಿದ್ರಿ.”

“ತಪ್ಪಾತು.”

ಎರಡು ವರ್ಷ ಯಾರಿಗೂ ಹೇಳದ್ದನ್ನು ಆಗ ಹೇಳಿದೆ. “ಅವತ್ತು ನನ್ನ ಫೋನಿಗೆ ಸುದ್ದಿ ಬಂದಿತ್ತು. ನಾ ಅಪ್ಪಗ ಫೋನ್ ಮಾಡಲಿಲ್ಲ. ಅವಗೂ ಬಂದಿರ್ತೈತಿ ಅಂತ ಉಣ್ಣಾಕ ಕುಂತೆ.”

ಅವನು ಸಮಾಧಾನ ಹೇಳುತ್ತಾನೆ ಎಂದುಕೊಂಡೆ. ಹೇಳಿದ್ದರೆ ಅವನನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದೆ. ಅವನು ಬ್ಯಾಗು ನೆಲಕ್ಕಿಟ್ಟ.

“ನನಗೂ ಬಂದಿತ್ತು. ಗದ್ವಾಲದಾಗ ಮಗ್ಗದ ಮುಂದ ಕುಂತಿದ್ದೆ. ಮುಡಿಹಾಳದಾಗ ಉಣ್ಣಾಕ ಹಾಕಿದ ನಿಮ್ಮಪ್ಪ ನೆನಪಾದ್ರು, ಅವರ ನಂಬರೂ ಇತ್ತು. ಅಲ್ಲಿ ಸಿಗ್ನಲ್ ಪೂರ್ತಿ ಐತಿ ಅಂತ ನಾನ ಬರದೀನಲ್ಲ ಅಂತ ಸುಮ್ಮನಾದೆ.”

ಅವನ ಕಣ್ಣು ತುಂಬಿತ್ತು, ನನ್ನದೂ. ಈ ಭೂಮಿಯ ಮೇಲೆ ಆ ಎರಡು ಗಂಟೆಯ ಭಾರ ಗೊತ್ತಿದ್ದವರು ನಾವಿಬ್ಬರೇ ಎಂದು ನನಗೆ ತಿಳಿಯಿತು. ನಾನು ಅವನ ಕೈ ಹಿಡಿದೆ, ಬಸ್ ಸ್ಟ್ಯಾಂಡಿನಲ್ಲಿ, ಸಂಗಮ್ಮನ ಮಗಳನ್ನು ಗುರುತು ಹಿಡಿಯುವ ನೂರು ಜನರ ಮುಂದೆ.

ಬಸ್ಸು ಬಂತು. “ಮುಟ್ಟಿದಕೂಡಲೇ ಫೋನ್ ಮಾಡ್ರಿ,” ಎಂದೆ. ಅವನು ತಲೆಯಾಡಿಸಿ ಹತ್ತಿದ.

ಗದ್ವಾಲಕ್ಕೆ ಎರಡು ತಾಸಿನ ಹಾದಿ. ಹೋಗಿ ಮುಟ್ಟಿದ ಮೇಲೆ ಅವನೇ ಮಾಡುತ್ತಾನೆ ಎಂದುಕೊಂಡು ರೂಮಿನ ಮೆಟ್ಟಿಲು ಹತ್ತತೊಡಗಿದೆ. ಅರ್ಧಕ್ಕೆ ನಿಂತೆ. ಹಾಗೆ ಅಂದುಕೊಂಡು ಕೂರುವುದು ನನ್ನಿಂದ ಇನ್ನು ಸಾಧ್ಯವಿರಲಿಲ್ಲ. ನಂಬರ್ ಒತ್ತಿದೆ.

“ಇನ್ನೂ ಮಕ್ತಲ್ ದಾಟಿಲ್ರಿ,” ಎಂದ.

“ಗೊತ್ತೈತಿ. ನಿಮ್ಮ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ. ಅದನ್ನ ಹೇಳಾಕ ಮಾಡಿದೆ.”

“ಹೇಳ್ರಿ, ಕೇಳಾಕತ್ತೀನಿ.”

“ಪೂರ್ತಿ ಕೇಳ್ರಿ. ಸಿಟ್ಟು ಐತಿ. ನೀವೂ ಬೇಕು. ಎರಡೂ ಖರೇನ.”

ಬಸ್ಸಿನ ಸದ್ದಿನಲ್ಲಿ ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. “ಹೊಳಿ ದಂಡ್ಯಾಗ ಹೇಳಲಿಲ್ಲಲ್ರಿ ಒಂದು ಮಾತು,” ಎಂದ, “ಅದೂ ಇದ ಇತ್ತು.”

“ಹಂಗಿದ್ರ ಐತವಾರ ನಿಮ್ಮ ನಾಯನನ್ನ ಕರಕೊಂಡು ಬರ್ರಿ. ಅವ್ವಗ ನಾ ಈಗಲೇ ಹೇಳ್ತೀನಿ, ಎಲ್ಲಾನೂ ಹೇಳ್ತೀನಿ.”

“ಬರ್ತೀನಿ,” ಎಂದ. “ಫೋನ್ ಇಡ್ಲೇನ್ರಿ?”

“ಬ್ಯಾಡ,” ಎಂದೆ. ಬಸ್ಸು ಅರ್ಧದಾರಿಯ ಅಮರಚಿಂತ ದಾಟುವವರೆಗೂ ಇಬ್ಬರೂ ಇಡಲಿಲ್ಲ.